ಆ ಎಂಜಿನ್ನಿಗೆ ಜೀವ ಕೊಟ್ಟವರು ಯಾರು?

‘ಭಾಗ್ ಮಿಲ್ಖಾ ಭಾಗ್’ ನೋಡಿದವರು ಕೈ ಎತ್ತಿರಿ! 2013ರ ಆ ಚಿತ್ರದಲ್ಲಿ ಫರ್ಹಾನ್ ಅಖ್ತರ್ ಓಡಿದ್ದನ್ನು ಎಲ್ಲರೂ ನೋಡಿದಿರಿ. ಹೊಗೆ ಉಗುಳುತ್ತ ಬಂದ ಕರಿ ಎಂಜಿನ್ನನ್ನು ಎಷ್ಟು ಜನ ನೋಡಿದಿರಿ? ಅದೂ ಒಬ್ಬ ಸ್ಟಾರ್ ಕಣ್ರೀ! ಹೆಸರು ಅಕ್ಬರ್, ನಂಬರು 7161. 1965ರಲ್ಲಿ ಚಿತ್ತರಂಜನ್ ಕಾರ್ಖಾನೆಯಲ್ಲಿ ಹುಟ್ಟಿದ ಡಬ್ಲ್ಯೂಪಿ ಜಾತಿಯ ಎಂಜಿನ್. ಗುಂಡನೆಯ ಮೂಗು, ಮೂಗಿನ ಮೇಲೆ ನಕ್ಷತ್ರ. ‘ರಂಗ್ ದೇ ಬಸಂತಿ’, ‘ಸುಲ್ತಾನ್’ ಚಿತ್ರಗಳಲ್ಲೂ ಇದೇ ಅಕ್ಬರನ ಪಾತ್ರ ಉಂಟು. ಮನೆ ಹರಿಯಾಣದ ರೇವಾಡಿ ಶೆಡ್.

ಆಳಂದದವನಾದ ನನಗೆ ಎಂಜಿನ್ನಿನ ಹುಚ್ಚು ಎಲ್ಲಿಂದ ಬಂತು ಅಂತೀರಾ? ನಮ್ಮ ಊರಿಗೆ ರೈಲಿಲ್ಲ. ಅಫಜಲಪುರಕ್ಕಿಲ್ಲ, ಜೇವರ್ಗಿಗಿಲ್ಲ. ದತ್ತನ ದರ್ಶನಕ್ಕೆ ಬರುವವರು ಗಾಣಗಾಪುರ ರೋಡಿನಲ್ಲಿ ಇಳಿಯುತ್ತಾರೆ. ನಾವು ರೈಲು ನೋಡಬೇಕಾದರೆ ಅಲ್ಲಿಗೋ, ದುಧನಿಗೋ, ಗುಲಬರ್ಗಾಕ್ಕೋ ಹೋಗಬೇಕಿತ್ತು. ಇಲ್ಲವೇ ಟಾಕೀಸಿಗೆ!

ನನ್ನ ಸೋದರಮಾವ ಅಫಜಲಪುರ ತಾಲೂಕಿನವರು. ಸೊಲ್ಲಾಪುರದ ಕಡೆ ಉಗಿ ಎಂಜಿನ್ನಿನ ಶೆಡ್ಡಿನಲ್ಲಿ ಬಾಯ್ಲರ್ ಫಿಟ್ಟರ್. ಡ್ರೈವರ್ ಅಲ್ಲ. ಡ್ರೈವರ್ ಆಗಿದ್ದರೆ ಗೆಳೆಯರ ಮುಂದೆ ಎದೆ ಉಬ್ಬಿಸುತ್ತಿದ್ದೆ. ಮಾವನ ಕೆಲಸ ಬಾಯ್ಲರಿನ ಹೊಟ್ಟೆಯೊಳಗೆ ನುಗ್ಗಿ ಸುತ್ತಿಗೆ ಹೊಡೆಯುವುದು. ಉಗುರಿನ ಸಂದಿಯ ಕಪ್ಪು ಸೋಪಿಗೆ ಹೋಗುತ್ತಿರಲಿಲ್ಲ. ಒಳಗಿನ ಸದ್ದಿಗೆ ಕಿವಿ ಅರ್ಧ ಮಂದವಾಗಿತ್ತು. ಅದಕ್ಕೇ ಮಾತೆಲ್ಲ ಜೋರು.

1977ರ ಮಾತು. ‘ಶೋಲೆ’ 1975ರಲ್ಲೇ ತೆರೆಕಂಡಿದ್ದರೂ ನಾವು ಹುಡುಗರು ಅದನ್ನು ನೋಡಲು ಗುಲಬರ್ಗಾಕ್ಕೆ ಬಸ್ಸು ಹತ್ತಿದ್ದು ಆಗ. ರಾಮನಗರದ ಬಂಡೆಗಳ ವಿಷಯ ನಿಮಗೆ ಗೊತ್ತೇ ಇದೆ. ಆದರೆ ರೈಲಿನ ದರೋಡೆ ತೆಗೆದದ್ದು ಮುಂಬಯಿ ಹತ್ತಿರದ ಪನವೇಲ್ ಕಡೆ. ಅದೊಂದೇ ಭಾಗಕ್ಕೆ ಏಳು ವಾರ ಹಿಡಿಯಿತಂತೆ!

ಟಿಕೆಟ್ಟಿನ ಸಾಲಿನಲ್ಲಿ ನಿಂತಿದ್ದೆವು. “ತಮ್ಮಾ...!” ಎಂದು ಯಾರೋ ಕೂಗಿದರು. ನೋಡಿದರೆ ಮಾವ! ರಾತ್ರಿ ಪಾಳಿ ಮುಗಿಸಿ, ಎಣ್ಣೆ ಹತ್ತಿದ ಅಂಗಿಯಲ್ಲೇ, ಜೇವರ್ಗಿಯ ಬೀಗರ ಮನೆಗೆ ಹೊರಟಿದ್ದರು. ಕೈಯಲ್ಲಿ ಚೀಲ, ಮುಖದಲ್ಲಿ ಮಸಿ. ಸಾಲೆಲ್ಲ ತಿರುಗಿ ನೋಡಿತು.

“ಯಾಂವಲೇ ಅಂವ?” ಎಂದ ಗೆಳೆಯ.

“ಯಾರೋ ಏನೋ, ನಂಗ ಗೊತ್ತಿಲ್ಲ” ಎಂದುಬಿಟ್ಟೆ.

ಮಾವ ಒಂದು ಗಳಿಗೆ ನಿಂತರು. ಬಳಿಕ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅಂದು ‘ಶೋಲೆ’ ನನಗೆ ಅರ್ಧವೂ ತಲೆಗೆ ಹೋಗಲಿಲ್ಲ. ಮಾವನಿಗೆ ಕೇಳಿಸಿತೋ, ಇಲ್ಲವೋ? ಕಿವಿ ಮಂದ, ಕೇಳಿಸಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅವರೂ ಎಂದೂ ಆ ಮಾತು ತೆಗೆಯಲಿಲ್ಲ.

ಕಾಲ ಓಡಿತು. ಡೀಸೆಲ್ ಬಂತು, ಕರೆಂಟು ಬಂತು. 1995ರ ಡಿಸೆಂಬರಿನಲ್ಲಿ ದೊಡ್ಡ ಹಳಿಯ ಮೇಲೆ ಉಗಿ ಎಂಜಿನ್ನಿನ ನಿತ್ಯದ ಓಡಾಟ ಮುಗಿಯಿತು. ಎಷ್ಟೋ ಎಂಜಿನ್ನುಗಳು ಗುಜರಿಗೆ ಹೋದವು. ಕೆಲವಕ್ಕೆ ಮಾತ್ರ ಮರುಜನ್ಮ. 1855ರಲ್ಲಿ ಇಂಗ್ಲೆಂಡಿನ ಲೀಡ್ಸಿನಲ್ಲಿ ತಯಾರಾದ ‘ಫೇರಿ ಕ್ವೀನ್’ 1909ರಲ್ಲೇ ಕೆಲಸ ಬಿಟ್ಟಿತ್ತು. ಮದರಾಸಿನ ಪೆರಂಬೂರು ಕಾರ್ಖಾನೆಯವರು ಅದನ್ನು ರಿಪೇರಿ ಮಾಡಿ 1997ರಲ್ಲಿ ಮತ್ತೆ ಹಳಿಯ ಮೇಲೆ ಓಡಿಸಿದರು! 1893ರಲ್ಲಿ ಕಟ್ಟಿದ ರೇವಾಡಿ ಶೆಡ್ ಕೂಡ ವರ್ಷಗಟ್ಟಲೆ ಪಾಳುಬಿದ್ದು, 2010ರಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು.

2014ರಲ್ಲಿ ಮಾವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವರಿಗಾಗ 76. ದಾರಿಯುದ್ದಕ್ಕೂ ಪಾಠ.

“ಎಂಜಿನ್ ಅಂದ್ರ ಏನಂತ ತಿಳದೀ ತಮ್ಮಾ? ಬಚ್ಚಲದಾಗಿನ ಹಂಡೆ ಇದ್ದಂಗ. ನಮ್ ಕಡೀ ಸುಣ್ಣದ ನೀರಿಗಿ ಹಂಡೆದಾಗ ಬಿಳೀ ಉಪ್ಪು ಕಟ್ಟತದಲ್ಲಾ? ಬಾಯ್ಲರದಾಗೂ ಹಂಗೇ. ಅದನ್ನ ತೊಳೀದಿದ್ರ ತಗಡು ಕೆಂಪಗ ಕಾದು ಉಬ್ಬತದ.”

ಸತ್ತ ಎಂಜಿನ್ನನ್ನು ಬದುಕಿಸುವುದು ಬಣ್ಣ ಬಳಿದಷ್ಟು ಸುಲಭವಲ್ಲ ಗೆಳೆಯರೇ. ಬೆಂಕಿಯ ಬಿಸಿ ಹಾಯುವ ಕೊಳವೆಗಳನ್ನು ಕಿತ್ತು ಹೊಸವು ಕೂಡಿಸಬೇಕು. ಬೆಂಕಿಗೂಡನ್ನು ಹಿಡಿದಿಟ್ಟ ನೂರಾರು ಸ್ಟೇ ಬೋಲ್ಟುಗಳನ್ನು ಒಂದೊಂದಾಗಿ ಬಡಿದು, ಒಳಗೇ ಮುರಿದದ್ದು ಯಾವುದೆಂದು ಸದ್ದಿನಿಂದ ಗುರುತು ಹಿಡಿಯಬೇಕು. ಬಳಿಕ ಬಾಯ್ಲರಿಗೆ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಟ್ಟು ಪರೀಕ್ಷೆ. ಉಗಿಯಿಂದ ಯಾಕಿಲ್ಲ? ನೀರಾದರೆ ಎಲ್ಲಿಯೋ ಸೋರುತ್ತದೆ. ಉಗಿಯಾದರೆ ಬಾಂಬಿನಂತೆ ಸಿಡಿಯುತ್ತದೆ! ಡಬ್ಲ್ಯೂಪಿಯ ಒತ್ತಡ ಚದರ ಇಂಚಿಗೆ 210 ಪೌಂಡು. ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಸತ್ತ ಎಂಜಿನ್ನಿನಿಂದ ಕಳಚಬೇಕು, ಇಲ್ಲವೇ ಲೇತಿನಲ್ಲಿ ಹೊಸದು ಕಡೆಯಬೇಕು. ಬೆಂಕಿಯನ್ನೂ ಅವಸರದಲ್ಲಿ ಹಾಕುವಂತಿಲ್ಲ. ಕಬ್ಬಿಣ ಒಂದು ಕಡೆ ಬೇಗ ಹಿಗ್ಗಿದರೆ ಬಿರುಕು. ತಣ್ಣಗಿನ ಎಂಜಿನ್ನಿಗೆ ಉಗಿ ಏರಬೇಕಾದರೆ ತಾಸುಗಟ್ಟಲೆ ಕಾಯಬೇಕು.

ಅಂದು ರೇವಾಡಿಯಲ್ಲಿ ಒಂದು ಎಂಜಿನ್ನಿಗೆ ಬೆಂಕಿ ಹಾಕಿದ್ದರು. ಮಾವ ಕೋಲು ನನ್ನ ಕೈಗೆ ಕೊಟ್ಟು ಹತ್ತಿರ ಹೋದರು. ಕಿವಿ ಕೇಳದವರು ಅಂಗೈಯನ್ನು ಬಿಸಿ ತಗಡಿನ ಹತ್ತಿರ ಹಿಡಿದು, ಮೆಲ್ಲಗೆ ಸರಿಸುತ್ತ ಹೋಗಿ ಒಂದು ಕಡೆ ನಿಂತರು. “ಇಲ್ಲಿ ಉಗಿ ಸೋರ್ಲತ್ತದ” ಎಂದರು. ನಾನು ಹಿಂದಿಯಲ್ಲಿ ಹೇಳಿದೆ. ಒಬ್ಬ ಹುಡುಗ ಫಿಟ್ಟರ್ ಸ್ಪ್ಯಾನರ್ ತಂದು ಜಾಯಿಂಟು ಬಿಗಿಮಾಡಿದ. ಆಮೇಲೆ ಬೆರಗಾಗಿ ನನ್ನನ್ನು ಕೇಳಿದ: “ಇವರು ಯಾರು?”

ಗಂಟಲು ಕಟ್ಟಿತು. “ನನ್ನ ಮಾವ. ಬಾಯ್ಲರ್ ಫಿಟ್ಟರ್” ಎಂದೆ.

ಹುಡುಗ ಕೈಯೊರಸಿಕೊಂಡು ಮಾವನ ಕಾಲು ಮುಟ್ಟಿದ.

ವಾಪಸು ಬರುವಾಗ ಕಿಟಕಿಯ ಪಕ್ಕ ಕೂತಿದ್ದ ಮಾವ ಇದ್ದಕ್ಕಿದ್ದಂತೆ ಹೇಳಿದರು: “ಗುಲಬರ್ಗಾದಾಗ ಅವತ್ತು ನೀ ಅಂದದ್ದು ನಂಗ ಕೇಳ್ಸಲಿಲ್ಲ ತಮ್ಮಾ. ಖರೇ ನಿನ್ನ ಬಾಯಿ ನೋಡಿದ್ದೆ. ಬಾಯ್ಲರದಾಗ ಸುತ್ತಿಗಿ ಸದ್ದಿಗಿ ಯಾರ ಮಾತೂ ಕೇಳ್ಸೂದಿಲ್ಲ. ನಾವು ತುಟಿ ನೋಡೇ ತಿಳಕೊಳ್ಳೋರು.”

ನನಗೆ ತಲೆ ಎತ್ತಲಾಗಲಿಲ್ಲ. ಮಾವ ಕಪ್ಪು ಉಗುರಿನ ಕೈಯನ್ನು ನನ್ನ ಭುಜದ ಮೇಲಿಟ್ಟರು.

“ಇವತ್ತೂ ನೋಡಿದ್ನೋ” ಎಂದರು.

ಮಾವ ಈಗಿಲ್ಲ. ಇನ್ನೊಮ್ಮೆ ತೆರೆಯ ಮೇಲೆ ಕರಿ ಎಂಜಿನ್ ಬಂದಾಗ ಸಿಳ್ಳೆ ಹೊಡೆಯಿರಿ, ಗೆಳೆಯರೇ. ಹೀರೋಗೆ ಒಂದು. ಫಿಟ್ಟರಿಗೆ ಒಂದು!