ಬೋರಾಮಣಿಯ ಹಾದಿಯಲ್ಲಿ ವಿಮಾನದ ಲೆಕ್ಕ

ಸೊಲ್ಲಾಪುರದಿಂದ ಹೈದರಾಬಾದಿನ ಹಾದಿ ಹಿಡಿದರೆ ಸುಮಾರು 20 ಕಿಲೋಮೀಟರಿಗೆ ಬೋರಾಮಣಿ ಸಿಗುತ್ತದೆ. ಅಂಗಡಿಯ ವಸೂಲಿಗಾಗಿ ಈ ದಾರಿಯಲ್ಲಿ ನಾವು ಎಷ್ಟು ಸಲ ಓಡಾಡಿದ್ದೇವೋ ಲೆಕ್ಕವಿಲ್ಲ. ಈ ಸಲ ಮಾತ್ರ ಗಾಡಿ ನಿಲ್ಲಿಸಿ ಇಳಿದೆವು. ಕಾರಣ ಮನೆಯದು. ಎಪ್ಪತ್ತು ದಾಟಿದ ನಮ್ಮ ತಾಯಿಯವರಿಗೆ ಸಮ್ಮೇದ ಶಿಖರ್ಜಿಯ ದರ್ಶನವಾಗಬೇಕು. ಕೊಲ್ಲಾಪುರದಿಂದ ಧನಬಾದಕ್ಕೆ ಹೋಗುವ ದೀಕ್ಷಾಭೂಮಿ ಎಕ್ಸ್‌ಪ್ರೆಸ್ ಕುರ್ಡುವಾಡಿಯಲ್ಲಿ ಸಿಗುತ್ತದೆ, ಆದರೆ ಎರಡು ರಾತ್ರಿಯ ಪ್ರಯಾಣ ಅವರ ಮೊಣಕಾಲಿಗೆ ಒಗ್ಗದು. ಹೀಗಾಗಿ ಐದು ಜನರ ವಿಮಾನದ ಖರ್ಚನ್ನು ಕೂಡಿಸಿ ಕಳೆಯುತ್ತ ಕುಳಿತಿದ್ದೆವು.

ಸೊಲ್ಲಾಪುರಕ್ಕೆ ದೊಡ್ಡ ವಿಮಾನ ನಿಲ್ದಾಣವಾಗಬೇಕೆಂದು ಗೊತ್ತುಮಾಡಿದ ಜಾಗವೇ ಈ ಬೋರಾಮಣಿ. ಮಹಾರಾಷ್ಟ್ರ ವಿಮಾನ ನಿಲ್ದಾಣ ಅಭಿವೃದ್ಧಿ ಕಂಪನಿಯವರು ಸುಮಾರು 550 ಹೆಕ್ಟೇರ್ ಭೂಮಿ ಪಡೆದರು. ನಡುವೆ ಅರಣ್ಯ ಭೂಮಿಯ ತೊಡಕು ಬಂದು ಕೆಲಸ ನಿಂತಿತು. ಹೊಲ ಕೊಟ್ಟ ರೈತರಿಗೆ ಹೊಲವೂ ಇಲ್ಲ, ವಿಮಾನದಿಂದ ಬರಬೇಕಾದ ವ್ಯಾಪಾರವೂ ಇಲ್ಲ. ಇದೇ ಊರಿನ ಹುಲ್ಲುಗಾವಲಿನಲ್ಲಿ ಕಲ್ಲುಗಳನ್ನು ಜೋಡಿಸಿ ಮಾಡಿದ 15 ಸುತ್ತಿನ ಚಕ್ರವ್ಯೂಹವೊಂದು ಕಂಡುಬಂದಿತೆಂದು 2025ರ ಡಿಸೆಂಬರಿನಲ್ಲಿ ಸುದ್ದಿಯಾಯಿತು. ಸುಮಾರು 2,000 ವರ್ಷ ಹಿಂದಿನದು, ರೋಮಿನೊಡನೆ ವ್ಯಾಪಾರ ನಡೆಯುತ್ತಿದ್ದ ಕಾಲದ್ದು ಎಂದು ಸಂಶೋಧಕರು ಹೇಳುತ್ತಾರೆ. ಆ ಕಾಲದ ವ್ಯಾಪಾರಿಗಳ ಊರು ತೇರ ಇಲ್ಲಿಂದ ದೂರವಲ್ಲ. ವ್ಯಾಪಾರಿಗಳು ತುಳಿದ ಹಾದಿ ಇದು ಎನ್ನುವುದಕ್ಕೆ ನಮಗೆ ಬೇರೆ ಸಾಕ್ಷಿ ಬೇಡವಾಯಿತು.

ಸದ್ಯಕ್ಕೆ ವಿಮಾನ ಏರುವುದು ಹಳೆಯ ಹೋಟಗಿ ರಸ್ತೆಯ ನಿಲ್ದಾಣದಿಂದ. ಅಡ್ಡವಾಗಿದ್ದ ಸಿದ್ಧೇಶ್ವರ ಸಕ್ಕರೆ ಕಾರಖಾನೆಯ ಚಿಮಣಿಯನ್ನು 2023ರ ಜೂನ್ 15ರಂದು ಕೆಡವಿದರು. 2024ರ ಸೆಪ್ಟೆಂಬರ್ 29ರಂದು ಹೊಸ ಕಟ್ಟಡದ ಉದ್ಘಾಟನೆಯಾಯಿತು. 2025ರ ಜೂನ್ 9ರಂದು ಫ್ಲೈ 91 ಗೋವಾಕ್ಕೆ, ಅಕ್ಟೋಬರಿನಲ್ಲಿ ಸ್ಟಾರ್ ಏರ್ ಮುಂಬಯಿಗೆ ಹಾರಾಟ ಆರಂಭಿಸಿದವು. ಸೊಲ್ಲಾಪುರದ ನಮ್ಮ ಸಮಾಜದ ಮನೆತನದಲ್ಲಿ 1882ರಲ್ಲಿ ಹುಟ್ಟಿದ ಶೇಠ ವಾಲಚಂದ ಹೀರಾಚಂದರು 1940ರಲ್ಲೇ ಬೆಂಗಳೂರಿನಲ್ಲಿ ವಿಮಾನದ ಕಾರಖಾನೆ ಹೂಡಿದ್ದರು. ಅವರ ಊರಿನವರು ಇಷ್ಟು ವರ್ಷ ಕಾಯಬೇಕಾಯಿತು!

ಆದರೆ ಊರ ಬಾಗಿಲಿಗೆ ಬಂದ ವಿಮಾನ ಅಗ್ಗವೆಂದು ತಿಳಿಯಬಾರದು. ಚಿಕ್ಕ ವಿಮಾನದಲ್ಲಿ ಆಸನಗಳು 70ರ ಆಸುಪಾಸು, ದೊಡ್ಡದರಲ್ಲಿ 180. ಪೈಲಟ್, ನಿಲ್ದಾಣದ ಶುಲ್ಕ ಮುಂತಾದ ಖರ್ಚು ಎಷ್ಟು ಜನರ ಮೇಲೆ ಹಂಚಿಹೋಗುತ್ತದೆ ಎನ್ನುವುದೇ ಪ್ರಶ್ನೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಊಟ ಉಪಚಾರ ಬಿಟ್ಟು ದರ ಇಳಿಸಿತು, ಮುಂದೆ ಅದು ಕಿಂಗ್‌ಫಿಷರಿನಲ್ಲಿ ಸೇರಿಹೋಯಿತು. 2017ರಲ್ಲಿ ಉಡಾನ್ ಯೋಜನೆ ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿ ಹಾಕಿತು, ಅದೂ ಕೆಲವೇ ಆಸನಗಳಿಗೆ. ಸಹಾಯಧನ ನಿಂತರೆ ದರ ಏರುತ್ತದೆ, ಇಲ್ಲವೇ ವಿಮಾನವೇ ನಿಲ್ಲುತ್ತದೆ.

ಟಿಕೆಟ್ಟಿನ ಮೇಲಿನ ದರವೇ ದರವಲ್ಲ ಎಂಬುದನ್ನು ನಾವು ಹಿಂದೊಮ್ಮೆ ದುಡ್ಡು ಕೊಟ್ಟು ಕಲಿತಿದ್ದೇವೆ. ಅಗ್ಗದ ಟಿಕೆಟ್ಟೆಂದು ಹಿಗ್ಗಿ ಹೋದೆವು. ಚಾದರಿನ ಮಾದರಿಗಳು ತುಂಬಿದ ಚೀಲ 22 ಕಿಲೋ ತೂಗಿತು, ಉಳಿಸಿದ್ದೆಲ್ಲ ಕೌಂಟರಿನಲ್ಲೇ ಹೋಯಿತು. ಅಗ್ಗದ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಒಪ್ಪಿಸಬಹುದು, ಕೈಯಲ್ಲಿ 7 ಕಿಲೋ. ಒಪ್ಪಿಸುವ ಸಾಮಾನೇ ಇಲ್ಲದ ಟಿಕೆಟ್ಟೂ ಇದೆ, ದರ ನೋಡುವಾಗ ಇದನ್ನು ಓದಿಕೊಳ್ಳಬೇಕು. ಯಾತ್ರೆಗೆ ಹೋಗುವವರು ಒಣಕೊಬ್ಬರಿ ಒಯ್ಯಬಾರದು, ಎಣ್ಣೆಯಂಶದಿಂದ ಬೆಂಕಿ ಹತ್ತೀತೆಂದು ತೆಗೆದಿಡಿಸುತ್ತಾರೆ. ಜೈನ ಊಟ ಕೆಲವು ಕಂಪನಿಗಳಲ್ಲಿ ಸಿಗುತ್ತದೆ, ಆದರೆ ಮೊದಲೇ ಹೇಳಬೇಕು, ಹಣವೂ ಬೇರೆ. ನಾವಂತೂ ಕಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ ಕಟ್ಟಿಕೊಳ್ಳುವವರು.

ಶಿಖರ್ಜಿಗೆ ನಮ್ಮೆದುರು ಎರಡು ದಾರಿ ಇದ್ದವು. ಸೊಲ್ಲಾಪುರದಿಂದ ಮುಂಬಯಿಗೆ ಹಾರಿ ಅಲ್ಲಿಂದ ಬೇರೆ ಕಂಪನಿಯ ವಿಮಾನದಲ್ಲಿ ರಾಂಚಿಗೆ ಹೋಗಬಹುದು. ಎರಡು ಬೇರೆ ಟಿಕೆಟ್ಟುಗಳಾದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿಲ್ಲ. ಇನ್ನೊಂದು, ಬೋರಾಮಣಿಯ ಮೇಲೆಯೇ ಹಾಯ್ದು ಸುಮಾರು 300 ಕಿಲೋಮೀಟರ್ ದೂರದ ಹೈದರಾಬಾದಿಗೆ ಗಾಡಿಯಲ್ಲಿ ಹೋಗಿ ರಾಂಚಿಯ ನೇರ ವಿಮಾನ ಹಿಡಿಯುವುದು. ಒಬ್ಬರೇ ಹೋಗುವುದಿದ್ದರೆ ಗಾಡಿಯ ಖರ್ಚು ಭಾರ, ಐವರಿಗೆ ಹಂಚಿದರೆ ಹಗುರ. ಎರಡನೆಯದೇ ಗಿಟ್ಟಿತು.

ಅಲ್ಲಿಯೂ ಮಧ್ಯಾಹ್ನದ ವಿಮಾನ ತುಸು ಅಗ್ಗವಿತ್ತು. ಮಗ ಅದನ್ನೇ ಆರಿಸಿದ್ದ. ತಾಯಿಯವರು ಕೇಳಿದ್ದು ಒಂದೇ ಮಾತು: "ಅಲ್ಲಿ ಹೊತ್ತು ಮುಳುಗೋದು ಎಷ್ಟಕ್ಕಪ್ಪಾ?" ಡಿಸೆಂಬರಿನಲ್ಲಿ ರಾಂಚಿಯ ಸೂರ್ಯಾಸ್ತ ನಮ್ಮೂರಿಗಿಂತ ಸುಮಾರು ಮುಕ್ಕಾಲು ಗಂಟೆ ಮೊದಲು, ಐದರ ಸುಮಾರಿಗೆ. ಆ ವಿಮಾನ ಹಿಡಿದು ಮಧುಬನ ಮುಟ್ಟುವಾಗ ಕತ್ತಲು. ರಾತ್ರಿ ಉಣ್ಣದ ಅವರು ಮರುದಿನ 27 ಕಿಲೋಮೀಟರಿನ ವಂದನೆಗೆ ಡೋಲಿಯಲ್ಲಾದರೂ ಹೊರಡಬೇಕು. ತಲೆಗೆ ಏಳೆಂಟು ನೂರು ಹೆಚ್ಚು ಕೊಟ್ಟು ಬೆಳಗಿನ ವಿಮಾನ ಮಾಡಿಸಿದೆವು. ಹಿಂದಿನ ದಿನವೇ ಹೈದರಾಬಾದ ಸೇರಿ, ಸಂಬಂಧಿಕರ ಮನೆಯಲ್ಲಿ ಹೊತ್ತು ಮುಳುಗುವ ಮುನ್ನ ಉಂಡು ಮಲಗುವುದೆಂದು ಗೊತ್ತಾಗಿದೆ.