ನಾಲ್ಕು ಮಿಲಿಮೀಟರ್

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಹೊಸ ಚೈನ್ ಕೇಸನ್ನು ಟೀಪಾಯಿ ಮೇಲಿಟ್ಟುಕೊಂಡು ಅರ್ಧ ಗಂಟೆ ನೋಡಿದೆ. ಕಪ್ಪು ಪ್ರೈಮರ್ ಬಳಿದ ಎರಡು ತಗಡು; ಮೇಲಿನದೊಂದು, ಕೆಳಗಿನದೊಂದು. ಜೋಡಿಸಿದರೆ ಉದ್ದ ಹಿಡಿಯ ಸೌಟಿನ ಹಾಗೆ. ಹೆಂಡತಿ ಕಾಫಿ ಲೋಟ ಇಡಲು ಜಾಗ ಹುಡುಕಿ, ಸಿಗದೆ, "ಇದನ್ನ ಪೂಜೆ ಮಾಡ್ತೀರೋ, ಗಾಡಿಗೆ ಹಾಕ್ತೀರೋ?" ಎಂದಳು. ಪೂಜೆಯನ್ನೇ ಮಾಡಬಹುದಿತ್ತು. ಗಾಡಿಗೆ ಹಾಕಲು ಹೋದಾಗಲೇ ತಾಪತ್ರಯ ಶುರುವಾದದ್ದು.

ಗಾಡಿ 1971ರ ಜಾವಾ. ಕೆ.ಆರ್. ನಗರದ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ತೌಡಿನ ಮೂಟೆಗಳ ಹಿಂದೆ ಎಷ್ಟೋ ವರ್ಷ ನಿಂತಿದ್ದದ್ದು. ಮನೆಗೆ ತಂದ ಮೇಲೂ ತಿಂಗಳುಗಟ್ಟಲೆ ಅದರ ಸೀಟಿನಿಂದ ತೌಡಿನ ವಾಸನೆ ಹೋಗಲಿಲ್ಲ. ಜಾವಾ ಓಡಿಸಿದವರಿಗೆ ಗೊತ್ತು, ಅದರ ಚೈನು ಹೊರಗೆ ಕಾಣುವುದೇ ಇಲ್ಲ. ಹಿಂದಿನ ಚಕ್ರದಿಂದ ಮುಂದಕ್ಕೆ ತಗಡಿನ ಕವಚ, ಅಲ್ಲಿಂದ ಎಂಜಿನ್ನಿನ ತನಕ ರಬ್ಬರ್ ಕೊಳವೆ. ಧೂಳು ಒಳಗೆ ಹೋಗದು, ಗ್ರೀಸು ಹೊರಗೆ ಬಾರದು. ಬಿಳಿ ಪಂಚೆ ಉಟ್ಟ ಮೇಷ್ಟ್ರು ಕೂಡ ನಿಶ್ಚಿಂತೆಯಿಂದ ಹತ್ತಬಹುದಾದ ಗಾಡಿ. ನನ್ನ ಗಾಡಿಯ ಕವಚದ ತಳ ಮಾತ್ರ, ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಮೈಸೂರಿನವರಾದ ನಮಗೆ ಜಾವಾ ಊರಿನದೇ ಸರಕು. ಯಾದವಗಿರಿಯ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರಲು ಶುರುವಾದವು. 1973ರಿಂದ ಯೆಜ್ಡಿ ಎಂಬ ಹೆಸರು. ಆದರೆ ಜಾವಾ ಅನ್ನುವ ಹೆಸರೇ ಬೆಸುಗೆ ಹಾಕಿದ್ದು. ಜೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕ್ ಕಟ್ಟುವ ಹಕ್ಕು ಕೊಂಡು, ತನ್ನ ಹೆಸರಿನ ಮೊದಲಕ್ಷರಕ್ಕೆ ಅದರ ಮೊದಲಕ್ಷರ ಅಂಟಿಸಿದ. ಅವರ ಬಾಯಲ್ಲಿ ಅದು 'ಯಾವಾ'. ನಮ್ಮ ನಾಲಿಗೆಗೆ ಕೂರಲಿಲ್ಲ, ಸ್ವಲ್ಪ ಅರ ಹಾಕಿ 'ಜಾವಾ' ಮಾಡಿಕೊಂಡೆವು.

1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆಮೇಲೆ ಬಿಡಿಭಾಗ ಮಾಡುವವರು ಯಾರು ಯಾರೋ. ಅಂಗಡಿಗಳಲ್ಲಿ ಮೂರು ಜಾತಿ: ಒರಿಜಿನಲ್, ಒರಿಜಿನಲ್ ಥರದ್ದು, ಒಳ್ಳೇ ಲೋಕಲ್. ನಾನು ಕೊಂಡದ್ದು ನಡುವಿನದು, ಕೊಟ್ಟದ್ದು ಮೊದಲನೆಯದರ ದುಡ್ಡು.

ತಗಡಿನ ಸಾಮಾನು ಕೂರದಿರುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಹಳೆಯ ತುಂಡೊಂದನ್ನು ಮುಂದಿಟ್ಟುಕೊಂಡು ಹೊಸ ಡೈ ಮಾಡಿದರೆ, ಆ ಹಳೆಯದರ ಸೊಟ್ಟವೂ ಡೈಗೆ ಇಳಿಯುತ್ತದೆ. 18 ಗೇಜಿನ ಜಾಗದಲ್ಲಿ 22 ಗೇಜಿನ ತಗಡು ಬಳಸಿದರೆ ದಪ್ಪ ಐದರಲ್ಲಿ ಸುಮಾರು ಎರಡು ಪಾಲು ಕಡಿಮೆಯಾಗುತ್ತದೆ. ಪ್ರೆಸ್ಸಿನಿಂದ ಹೊರಬಂದ ತಗಡು ಚೂರು ಹಿಂದಕ್ಕೆ ಸೆಟೆಯುವುದೂ ಉಂಟು. ದಪ್ಪ ಬದಲಾದರೆ ಆ ಸೆಟೆತವೂ ಬದಲಾಗುತ್ತದೆ. ರೆಡಿಮೇಡ್ ರವಿಕೆಯಾದರೆ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರೆ, ಹೊಲಿಗೆ ಬಿಚ್ಚಿ ಸಡಿಲಿಸಬಹುದು. ತಗಡಿಗೆ ಅಂಥ ಔದಾರ್ಯವಿಲ್ಲ.

ಭಾನುವಾರ ಬೆಳಿಗ್ಗೆ ಕೂತೆ. ಮೊದಲ ಬೋಲ್ಟ್ ಸಲೀಸಾಗಿ ಹೋಯಿತು. ಖುಷಿಯಲ್ಲಿ ಗಟ್ಟಿಯಾಗಿ ಬಿಗಿದೆ. ಎರಡನೆಯದು, ಮೂರನೆಯದು ಹೇಗೋ ಹೋದವು. ನಾಲ್ಕನೆಯ ತೂತು ನಾಲ್ಕು ಮಿಲಿಮೀಟರ್ ಆಚೆ. ಅಂಗಡಿಯವನಿಗೆ ಸಹಸ್ರನಾಮ ಹೇಳುತ್ತ ದುಂಡು ಅರ ತೆಗೆದುಕೊಂಡು ತೂತನ್ನು ಉದ್ದ ಮಾಡತೊಡಗಿದೆ. ಅರ ಹಾಕುವುದರಲ್ಲಿ ಒಂದು ಸುಖವಿದೆ, ಒಪ್ಪಿಕೊಳ್ಳುತ್ತೇನೆ. ಮೊದಲು ಕಪ್ಪು ಪ್ರೈಮರ್ ಹೋಗಿ ಬೆಳ್ಳಿಯಂಥ ಅಂಚು ಮೂಡುತ್ತದೆ. ಸರ್ ಸರ್ ಎನ್ನುತ್ತಿದ್ದ ಸದ್ದು ತಗಡು ಬಿಸಿಯಾದಂತೆ ಬದಲಾಗುತ್ತದೆ, ತೊಡೆಯ ಮೇಲೆ ರಾಗಿ ಹಿಟ್ಟಿನಷ್ಟು ನುಣ್ಣನೆಯ ಪುಡಿ ಉದುರುತ್ತದೆ. ಗಂಟೆಯಾದದ್ದು ಗೊತ್ತಾಗಲಿಲ್ಲ. ಬೋಲ್ಟ್ ಹೋಯಿತು. ಚಕ್ರ ತಿರುಗಿಸಿದರೆ ಒಳಗಿಂದ ಗರಗರ, ಗರಗರ. ಚೈನು ಕವಚವನ್ನು ತಿನ್ನುತ್ತಿತ್ತು.

ಗಾಡಿಯನ್ನು ಮಂಡಿ ಮೊಹಲ್ಲಾದ ಟಿಂಕರಿಂಗ್ ಮೇಸ್ತ್ರಿಯ ಹತ್ತಿರ ತಳ್ಳಿಕೊಂಡು ಹೋದೆ. ಅವರು ನನ್ನ ಉದ್ದ ತೂತನ್ನು ಹೆಬ್ಬೆರಳಿಂದ ಸವರಿ, "ನೀವೇ ಮಾಡಿದ್ರಾ ಸಾರ್?" ಎಂದರು. ಮರ್ಯಾದೆಯಿಂದಲೇ ಕೇಳಿದರು, ಅದಕ್ಕೇ ಹೆಚ್ಚು ನಾಚಿಕೆಯಾಯಿತು.

"ತಪ್ಪಿದ್ದು ನಾಲ್ಕನೇ ತೂತಲ್ಲ ಸಾರ್. ನೀವು ಮೊದಲನೇದನ್ನ ಬಿಗಿ ಮಾಡ್ಬಿಟ್ಟಿದೀರ." ಎಲ್ಲ ಬೋಲ್ಟನ್ನೂ ಬಿಚ್ಚಿ, ಮತ್ತೆ ಎಲ್ಲವನ್ನೂ ಎರಡೆರಡು ಸುತ್ತು ಮಾತ್ರ ಕೈಯಲ್ಲಿ ತಿರುಗಿಸಿ, ಕವಚವನ್ನು ಅಲ್ಲಾಡುವಂತೆ ಬಿಟ್ಟರು. ಆಮೇಲೆ ಗಣಪತಿ ಪಟದ ಮುಂದಿನ ಕುಂಕುಮ ಚಿಟಿಕೆ ತೆಗೆದು, ಎಣ್ಣೆಯಲ್ಲಿ ಕಲಸಿ ಚೈನಿಗೆ ಹಚ್ಚಿ, ಚಕ್ರವನ್ನು ಒಂದು ಸುತ್ತು ತಿರುಗಿಸಿದರು. ಬಿಚ್ಚಿ ನೋಡಿದರೆ ಕವಚದ ಒಳಮೈಯಲ್ಲಿ ಎರಡು ಕಡೆ ಕೆಂಪು ಗೀರು. ಎಲ್ಲಿ ತಾಗುತ್ತಿದೆ ಎಂದು ಇನ್ನು ಊಹಿಸಬೇಕಾಗಿರಲಿಲ್ಲ.

ನನಗಿನ್ನೂ ಅಂಗಡಿಯವನ ಮೇಲೇ ಗುಮಾನಿ. ಗೆಳೆಯನೊಬ್ಬ ಹಳೇ ಸ್ಟಾಕಿನ, ಕಂಪನಿಯ ಕಾಗದವನ್ನೂ ಬಿಚ್ಚದ ಕವಚವೊಂದನ್ನು ಬೀರುವಿನಲ್ಲಿ ಕಾಪಾಡಿಕೊಂಡಿದ್ದ. ಕಾಡಿಬೇಡಿ ತಂದು ಹಿಡಿದು ನೋಡಿದೆವು. ಅದೂ ಕೂರಲಿಲ್ಲ! ಸಾಕ್ಷಾತ್ ಯಾದವಗಿರಿಯ ಸರಕು, ಮೂರು ಮಿಲಿಮೀಟರ್ ಆಚೆ. ಮೇಸ್ತ್ರಿ ನಕ್ಕು ಸ್ವಿಂಗ್ ಆರ್ಮ್ ತೋರಿಸಿದರು. ಕವಚ ಹಿಡಿಯುವ ಕಬ್ಬಿಣದ ಕಿವಿಯೊಂದು ಒಳಕ್ಕೆ ಬಾಗಿತ್ತು. ಯಾವ ಕಾಲದಲ್ಲಿ, ಯಾವ ಹಳ್ಳದಲ್ಲಿ ಬಿದ್ದದ್ದೋ.

"ಹಾಗಾದರೆ ಕಿವೀನೇ ನೆಟ್ಟಗೆ ಮಾಡಿ."

"ಪೂರ್ತಿ ಎಳೆದ್ರೆ ಹಳೇ ವೆಲ್ಡಿಂಗ್ ಬಿಟ್ಕೊಳ್ಳುತ್ತೆ. ಅದಕ್ಕೊಂದೆರಡು, ತಗಡಿಗೊಂದೆರಡು ಎಳ್ಕೊಳ್ಳೋಣ."

ಕಿವಿಯನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಸ್ವಲ್ಪವೇ ಬಗ್ಗಿಸಿ, ತಾನಾಗಿ ಆರಲು ಬಿಟ್ಟರು. ಕವಚದಲ್ಲಿ ಕುಂಕುಮ ತಾಗಿದ್ದಲ್ಲಿ ಒಳಗಿನಿಂದ ಮರದ ಸುತ್ತಿಗೆಯ ಪೆಟ್ಟು. ಒಂದು ಕಡೆ ತಗಡು ಹಿಗ್ಗಿ ಡಬ್ಬಿ ಮುಚ್ಚಳದಂತೆ ಟಪ್ ಟಪ್ ಎನ್ನತೊಡಗಿತು. ಅಲ್ಲಿ ಎಂಟಾಣೆಯಷ್ಟಗಲ ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆ ಒತ್ತಿದರು. ಚುಂಯ್ ಎಂದು ಕುಗ್ಗಿ ಸುಮ್ಮನಾಯಿತು. ಪೇಂಟ್ ಹೊಡೆಸಿ ತಂದಿರಲಿಲ್ಲ ಎನ್ನುವುದೊಂದೇ ನಾನು ಗಳಿಸಿದ ಶಹಬಾಸ್‌ಗಿರಿ. ಹಿಂದೊಮ್ಮೆ ಮೆರೂನ್ ಬಣ್ಣ ಬಳಿಸಿ, ಚಿನ್ನದ ಗೆರೆ ಎಳೆಸಿದ ಮಡ್ಗಾರ್ಡಿಗೆ ಅರ ಹಾಕುವ ಪ್ರಸಂಗ ಬಂದಿತ್ತು. ಅದರ ಕಥೆ ಬೇಡ.

ಆದರೂ ಒಂದು ಕೂದಲೆಳೆ ಉಳಿಯಿತು. ಮೇಸ್ತ್ರಿ ಟಾರ್ಚ್ ಬಿಟ್ಟು ಕಿವಿಯ ಹಿಂದೆ ನೋಡಿ, "ಇಲ್ಲೊಂದು ಪ್ಯಾಕಿಂಗ್ ಇತ್ತಲ್ಲ ಸಾರ್, ಎಲ್ಲಿ?" ಎಂದರು. ಕಾಯಿಸಿದ್ದರಿಂದ ದೂರವಿದ್ದ ಒಂದು ಮೂಲೆಯಲ್ಲಿ ಹಳೆಯ ಬಣ್ಣ ಚೌಕಾಕಾರವಾಗಿ ಹಾಗೇ ಉಳಿದಿತ್ತು.

ನೆನಪಾಯಿತು. ಹಳೆಯ ಕವಚ ಬಿಚ್ಚಿದ ದಿನ ಕಸವೆಂದು ಪಕ್ಕಕ್ಕೆ ಎಸೆದಿದ್ದೆ. ಮನೆಗೆ ಹೋಗಿ ಬೋಲ್ಟ್ ತುಂಬಿದ್ದ ಹಾರ್ಲಿಕ್ಸ್ ಬಾಟಲಿಯನ್ನು ಪೇಪರಿನ ಮೇಲೆ ಸುರಿದೆ. ತಳದಲ್ಲಿ ಸಿಕ್ಕಿತು. ಕತ್ತರಿಯಲ್ಲಿ ಕತ್ತರಿಸಿ, ಮೊಳೆಯಿಂದ ತೂತು ಹೊಡೆದ ತಗಡಿನ ತುಂಡು. ತುಕ್ಕು ಉಜ್ಜಿದಾಗ ಹಳದಿ ಕಂಡಿತು, ಹಳದಿಯ ಮೇಲೆ ಹಸಿರು: ಡಾಲ್ಡಾ ಡಬ್ಬಿಯ ತಾಳೆಮರ, ಅರ್ಧ ಮಾತ್ರ. ನನಗಿಂತ ಮೊದಲು ಇದೇ ಕಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅಡುಗೆಮನೆಯಿಂದ ಖಾಲಿ ಡಬ್ಬಿ ಎತ್ತಿಕೊಂಡು ಬಂದ ಪುಣ್ಯಾತ್ಮ ಯಾರೋ.

"ಹೊಸ ವಾಶರ್ ಹಾಕ್ಲಾ ಸಾರ್? ಐದು ರೂಪಾಯಿ," ಎಂದರು ಮೇಸ್ತ್ರಿ.

ಬೇಡವೆಂದು ಡಾಲ್ಡಾ ತುಂಡನ್ನೇ ಕೊಟ್ಟೆ. ಅವರು ಅದನ್ನು ಪ್ಯಾಂಟಿಗೆ ಒರೆಸಿ, ಮರ ನೆಟ್ಟಗೆ ನಿಲ್ಲುವ ಹಾಗೆ ತಿರುಗಿಸಿ ಕಿವಿಯ ಹಿಂದೆ ಸಿಕ್ಕಿಸಿದರು. ಆಮೇಲೆ ಹತ್ತರ ಸ್ಪ್ಯಾನರಿಗೆ ಕೈಚಾಚಿದರು.