ತಿಪ್ಪೆಯೊಳಗಿನ ಓಲೆಗಳು

ನಾವಿಬ್ಬರು ಅಕ್ಕತಂಗಿಯರು ಸಿರಸಂಗಿಯವರು. ನಮ್ಮ ಮನೆಯ ಅಟ್ಟದ ಮೇಲೆ ಅರಿವೆಯಲ್ಲಿ ಕಟ್ಟಿಟ್ಟ ಹಳೆಯ ದಫ್ತರಗಳಿದ್ದವು. ಮೋಡಿ ಲಿಪಿಯನ್ನು ಓದಬಲ್ಲವರು ಯಾರೂ ಉಳಿದಿರಲಿಲ್ಲವಾಗಿ, ಒಂದು ಮಳೆಗಾಲದಲ್ಲಿ ಕಟ್ಟಿಗೆ ತೊಯ್ದಾಗ, ಮೂರು ಗಂಟುಗಳನ್ನು ನಾವೇ ಬಚ್ಚಲ ಒಲೆಗೆ ಹಾಕಿದೆವು. ಅಂದು ನೀರು ಬಲು ಚೆನ್ನಾಗಿ ಕಾಯಿತು.

ಆ ಕೃತ್ಯವು ನಮ್ಮನ್ನು ಚುಚ್ಚತೊಡಗಿದ್ದು ಐಗುಪ್ತ ದೇಶದ ತಿಪ್ಪೆಗಳ ವೃತ್ತಾಂತವನ್ನು ಓದಿದ ಮೇಲೆ. ಗ್ರೆನ್‌ಫೆಲ್, ಹಂಟ್ ಎಂಬ ಆಂಗ್ಲ ವಿದ್ವಾಂಸರು 1896-97ರ ಚಳಿಗಾಲದಿಂದ ಮೊದಲುಗೊಂಡು ಆಕ್ಸಿರಿಂಕಸ್ ಎಂಬ ಪುರಾತನ ಪಟ್ಟಣದ ಕಸದ ದಿನ್ನೆಗಳನ್ನು ಅಗೆಯಿಸಿದರು. ಮಳೆಯಿಲ್ಲದ ಆ ನೆಲದಲ್ಲಿ, ಜೊಂಡಿನ ತಿರುಳಿನಿಂದ ಮಾಡಿದ ಪಪೈರಸ್ ಹಾಳೆಗಳು ಕೊಳೆಯದೆ ಉಳಿದಿದ್ದವು. ತೆರಿಗೆಯ ರಸೀದಿ, ಜಾತಕ, ಸೆರಾಪಿಸ್ ದೇವರ ಪಂಕ್ತಿಯೂಟದ ಕರೆಯೋಲೆ, ಮತ್ತಾಯನ ಸುವಾರ್ತೆಯ ಒಂದು ತುಣುಕು, ಎಲ್ಲವೂ ಒಂದೇ ಊರಿನ ಕಸದಲ್ಲಿ! ಅಲೆಕ್ಸಾಂಡ್ರಿಯಕ್ಕೆ ಹೋಗಿದ್ದ ಹಿಲೇರಿಯನ್ ಎಂಬವನು ಕ್ರಿ.ಪೂ. 1ರಲ್ಲಿ ಹೆಂಡತಿಗೆ ಬರೆದ ಓಲೆಯೂ ಅಲ್ಲಿತ್ತು. ಸಂಬಳ ಬಂದೊಡನೆ ಕಳುಹಿಸುವೆನೆಂದೂ, ನಿನ್ನನ್ನು ಹೇಗೆ ಮರೆಯಲಿ ಎಂದೂ ಅಕ್ಕರೆಯಿಂದ ಬರೆದವನೇ, ಹುಟ್ಟುವ ಕೂಸು ಗಂಡಾದರೆ ಉಳಿಸಿಕೊಳ್ಳೆಂದೂ ಹೆಣ್ಣಾದರೆ ಹೊರಗೆ ಹಾಕಿಬಿಡೆಂದೂ ಹೇಳಿದ್ದಾನೆ. ನಮ್ಮಲ್ಲಿ ಕಿರಿಯವಳು ಪುಸ್ತಕವನ್ನು ಮುಚ್ಚಿ ಎದ್ದುಹೋದಳು.

ಮರುದಿನ ಮುಂದಕ್ಕೆ ಓದಿದಾಗ ಬೇರೊಬ್ಬ ಹುಡುಗಿಯ ಪರಿಚಯವಾಯಿತು. 1903ರಲ್ಲಿ ಅಚ್ಚಾದ 413ನೆಯ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಹಿಂದೂ ದೇಶದ ಕಡಲತೀರದ ಅರಸನೊಬ್ಬನ ವಶದಲ್ಲಿರುವ ಖಾರಿಟಿಯನ್ ಎಂಬ ಗ್ರೀಕ್ ಕನ್ಯೆಯನ್ನು, ಅರಸನಿಗೆ ನೀರು ಬೆರೆಸದ ದ್ರಾಕ್ಷಾರಸವನ್ನು ಕುಡಿಸಿ, ಅವಳ ಅಣ್ಣನ ಕಡೆಯವರು ಬಿಡಿಸಿಕೊಂಡು ಹೋಗುವ ಕಥೆಯದು. ಅರಸನೂ ಅವನ ಜನರೂ ಗ್ರೀಕಲ್ಲದ ಯಾವುದೋ ಮಾತನ್ನಾಡುತ್ತಾರೆ. ಅದು ಕನ್ನಡವೆಂದು ಹುಲ್ಟ್ಶ್ ಪಂಡಿತರು 1904ರಲ್ಲಿ ವಾದಿಸಿದರು; ಕೊಂಚ, ಪಾತ್ರಕ್ಕೆ ಎಂಬ ಪದಗಳು ಅದರಲ್ಲಿ ಅವರಿಗೆ ಕೇಳಿಸಿದವು. ಮಂಜೇಶ್ವರದ ಗೋವಿಂದ ಪೈಗಳೂ ಇದನ್ನು ವಿಚಾರಿಸಿದರು. ಬಾರ್ನೆಟ್ ಪಂಡಿತರು 1926ರಲ್ಲಿ ಇದನ್ನೊಪ್ಪಲಿಲ್ಲ. ತುಳುವೆಂಬವರೂ ಉಂಟು, ನಗಿಸಲೆಂದು ಕಟ್ಟಿದ ಬರಿಯ ಗದ್ದಲವೆಂಬವರೂ ಉಂಟು. ಕನ್ನಡವೇ ಆಗಿರಲೆಂದು ನಮ್ಮ ಮನಸ್ಸು ಬಯಸಿತು. ಆದರೆ ಬಯಕೆಯು ಸಾಕ್ಷಿಯಾಗಲಾರದಷ್ಟೆ.

ಖಾರಿಟಿಯನ್ನಳ ಮಾತಾದರೋ ಸಂದೇಹಕ್ಕೆಡೆಯಿಲ್ಲದ ಗ್ರೀಕು. ಓಡುವ ಗಡಿಬಿಡಿಯಲ್ಲಿ, ದೇವಿಯ ಕಾಣಿಕೆಗಳನ್ನು ಕದ್ದು ತರಲೆಂದು ವಿದೂಷಕನು ಅವಳಿಗೆ ಸೂಚಿಸುತ್ತಾನೆ. ರಕ್ಷಣೆಯನ್ನು ಬೇಡುವವರು ದೇವರ ಬಳಿಗೆ ಕಳ್ಳತನದೊಡನೆ ಹೋಗಬಾರದೆಂದು ಅವಳು ಒಪ್ಪುವುದಿಲ್ಲ. ಹಾಗಾದರೆ ನೀನು ಮುಟ್ಟಬೇಡ, ನಾನೇ ಎತ್ತಿಕೊಳ್ಳುವೆ ಎನ್ನುತ್ತಾನೆ ಅವನು! ಓದುವಾಗ ಆ ಗುಡಿ ನಮ್ಮ ಕಣ್ಣಿಗೆ ನಮ್ಮೂರ ಕಾಳಿಕಾದೇವಿಯ ಗುಡಿಯಾಗಿಯೇ ತೋರಿತು. ಸಿರಸಂಗಿಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ!

ಅಟ್ಟದ ಮೇಲೆ ಇನ್ನೆರಡು ಗಂಟುಗಳು ಉಳಿದಿವೆ. ಬೇವಿನೆಲೆಯಿಟ್ಟು ಮತ್ತೆ ಕಟ್ಟಿದ್ದೇವೆ. ಮೋಡಿ ಬಲ್ಲ ಹಿರಿಯರೊಬ್ಬರು ಬರುವ ಬೇಸಗೆಯಲ್ಲಿ ಕಲಿಸುವೆನೆಂದು ಒಪ್ಪಿದ್ದಾರೆ.